ಚೇರ್ಮನ್ನರ ಪಾತ್ರಕ್ಕೆ ನಾಲ್ಕು ಕವಡೆ

೮ ಜನವರಿ ೧೯೬೪, ಬುಧವಾರ

ಇವತ್ತು ಜಗಳ ಆಡಲೆಂದು ಹೋಗಿ ಮಜ್ಜಿಗೆ ಕುಡಿದು ಬಂದೆ. ಇದನ್ನು ಯಾರಿಗೂ ಹೇಳುವ ಹಾಗಿಲ್ಲ. ಅದಕ್ಕೇ ಈ ನೋಟ್ ಪುಸ್ತಕ ತೆರೆದಿದ್ದೇನೆ.

ಬೆಳಿಗ್ಗೆ ಟಪಾಲಿನಲ್ಲಿ ಕಾಗದ ಬಂತು. ಫೆಬ್ರವರಿ ಇಪ್ಪತ್ತನಾಲ್ಕಕ್ಕೆ ಇನ್ಸ್‌ಪೆಕ್ಟರು ನಮ್ಮ ಕಲ್ಬಾವಿದೊಡ್ಡಿ ಶಾಲೆ ನೋಡಲು ಬರುತ್ತಾರೆ. ಮಕ್ಕಳು ಕೂರಲು ಕೊಠಡಿ ಇಲ್ಲದಿದ್ದರೆ ಶಾಲೆಯನ್ನು ಮುಚ್ಚಿ ಲೊಕ್ಕನಹಳ್ಳಿ ಶಾಲೆಗೆ ಸೇರಿಸುತ್ತಾರೆ. ಕೊಠಡಿ ಇಲ್ಲವೆ? ಇದೆಯಲ್ಲ! ಹೆಂಚಿನ ಸೂರು, ದಪ್ಪ ಗೋಡೆ, ಎರಡು ಕಿಟಕಿ. ಆದರೆ ಅದರೊಳಗೆ ಪಂಚಾಯಿತಿ ಚೇರ್ಮನ್ ಗುರುಮಲ್ಲಪ್ಪನವರ ರೇಷ್ಮೆ ಹುಳುಗಳು ತಟ್ಟೆಗಳ ಮೇಲೆ ಆರಾಮವಾಗಿ ಹಿಪ್ಪುನೇರಳೆ ಸೊಪ್ಪು ತಿನ್ನುತ್ತಿವೆ. ನನ್ನ ಮೂವತ್ತೊಂದು ಮಕ್ಕಳು ಹುಣಸೆಮರದ ಕೆಳಗೆ ಇರುವೆ ಕಚ್ಚಿಸಿಕೊಂಡು ಮಗ್ಗಿ ಹೇಳುತ್ತಿದ್ದಾರೆ.

ಲೊಕ್ಕನಹಳ್ಳಿಗೆ ಮೂರು ಮೈಲಿ. ದಾರಿಯುದ್ದಕ್ಕೂ ಕಾಡಿನ ಅಂಚು, ಆನೆ ಯಾವಾಗ ಅಡ್ಡ ನಿಲ್ಲುತ್ತದೋ ಹೇಳಲಾಗದು. ಹೆಣ್ಣುಮಕ್ಕಳನ್ನು ಯಾರೂ ಕಳಿಸುವುದಿಲ್ಲ. ಕಾಡಿನ ಸೋಲಿಗರ ಹಟ್ಟಿ, ಪೋಡಿನಿಂದ ಬರುವ, ನೆಲ್ಲಿಕಾಯಿ ಮಾರುವ ಸಿದ್ದಿಯ ಮಗಳು ಹೋದ ವಾರವಷ್ಟೇ ಸ್ಲೇಟಿನ ಮೇಲೆ ತನ್ನ ಹೆಸರು ಬರೆದಳು. ಶಾಲೆ ಮುಚ್ಚಿದರೆ ಅವಳ ಓದು ಅಲ್ಲಿಗೇ ಮುಗಿಯಿತು.

ಸಂಜೆ ಹೋದೆ. ದಾರಿಯಲ್ಲಿ ಏನೆಲ್ಲ ಹೇಳಬೇಕೆಂದು ಬಾಯಿಪಾಠ ಮಾಡಿಕೊಂಡಿದ್ದೆ. ಚೇರ್ಮನ್ನರು ಹೆಗಲ ವಲ್ಲಿ ಸರಿಮಾಡಿಕೊಂಡು, "ಏನ್ ಟೀಚರಮ್ಮ ಬಂದದ್ದು?" ಎಂದು ಒಂದೇ ಸಲ ಕೇಳಿದರು. ಆ ದನಿಗೆ ಕೊಟ್ಟಿಗೆಯ ಕರು ಸಹ ಎದ್ದು ನಿಂತಿತು. ನನ್ನ ಬಾಯಿಪಾಠ ಪೂರಾ ಮರೆತುಹೋಯಿತು. ಅವರ ಹೆಂಡತಿ ಪುಟ್ಟಮಾದಮ್ಮ ಪಾಪ ಮಜ್ಜಿಗೆ ತಂದುಕೊಟ್ಟರು. ಕುಡಿದೆ. "ಮಜ್ಜಿಗೆ ಚೆನ್ನಾಗಿದೆ" ಎಂದೆ. ಎದ್ದು ಬಂದೆ.

ಥೂ, ನನ್ನ ಜನ್ಮಕ್ಕಿಷ್ಟು! ಇಪ್ಪತ್ತನಾಲ್ಕು ವರ್ಷ, ಟೀಚರ್ ಟ್ರೈನಿಂಗ್, ಸರ್ಕಾರದ ಸಂಬಳ, ಅಷ್ಟೆಲ್ಲ ಇದ್ದು ಹೊರಬಂದದ್ದು ಎರಡೇ ಎರಡು ಮಾತು.

೧೨ ಜನವರಿ, ಭಾನುವಾರ

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಜಗಲಿಯಲ್ಲಿ ಚೌಕಾಬಾರ. ನಮ್ಮ ಮನೆ ಎಂದರೆ ರಂಗಮ್ಮನ ಮನೆ, ನಾನು ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೇನೆ. ರಂಗಮ್ಮನಿಗೆ ಗಂಡ ಇಲ್ಲ, ಮಕ್ಕಳಿಲ್ಲ, ಹೆದರಿಕೆಯೂ ಇಲ್ಲ. ಸಿದ್ದಿ ನೆಲ್ಲಿಕಾಯಿ ಮಾರಿ ಪೋಡಿಗೆ ಹಿಂತಿರುಗುವ ಮುಂಚೆ ಮೆಟ್ಟಿಲ ಮೇಲೆ ಕೂತು ಆಟ ನೋಡುತ್ತಾಳೆ. ಅವಳು ಜಗಲಿ ಹತ್ತುವುದಿಲ್ಲ, ನಾವೂ ಕರೆಯುವುದಿಲ್ಲ. ಮಾತಂತೂ ಇಲ್ಲವೇ ಇಲ್ಲ. ಕೇಳಿದ್ದಕ್ಕೆ ತಲೆ ಆಡಿಸುತ್ತಾಳೆ, ಅಷ್ಟೆ.

ಮಜ್ಜಿಗೆಯ ಕಥೆ ರಂಗಮ್ಮನಿಗೆ ಹೇಗೋ ಗೊತ್ತಾಗಿಬಿಟ್ಟಿದೆ. ಬಿದ್ದು ಬಿದ್ದು ನಕ್ಕಳು. ಆಮೇಲೆ ಸೆರಗನ್ನು ವಲ್ಲಿಯ ಹಾಗೆ ಹೆಗಲ ಮೇಲೆ ಎಸೆದುಕೊಂಡು, ಕಾಲ ಮೇಲೆ ಕಾಲು ಹಾಕಿ, "ಏನ್ ಟೀಚರಮ್ಮ ಬಂದದ್ದು?" ಎಂದು ಗುಡುಗಿದಳು.

ನಾನು ನಿಜವಾಗಿ ಹೆದರಿಬಿಟ್ಟೆ. ರಂಗಮ್ಮ ಎಂದು ಗೊತ್ತಿದ್ದೂ ಹೆದರಿದೆ!

"ನೋಡವ್ವ, ಇಲ್ಲೇ ಇಂಗಾದ್ರೆ ಅಲ್ಲೋಗಿ ಏನ್ ಮಾಡಿಯೆ? ಇದನ್ನೇ ಆಟ ಮಾಡ್ಕಳವ. ನಾನು ಚೇರ್ಮನ್ನು. ನೀನು ನೀನೇ. ನೀನ್ ಮಾತಾಡು, ನಾನ್ ಗದರುತ್ತೀನಿ. ಯಾರ್ ಗೆದ್ರು ಅಂತ ಕವಡೆ ಏಳ್ತದೆ."

ನಾಲ್ಕು ಕವಡೆಯಲ್ಲಿ ಮೂರು ಅಂಗಾತ ಬಿದ್ದರೆ, ನಾಲ್ಕೂ ಅಂಗಾತವಾಗಿ ಚೌಕ ಬಿದ್ದರೆ ಅಥವಾ ನಾಲ್ಕೂ ಬೋರಲಾಗಿ ಬಾರ ಬಿದ್ದರೆ ಕವಡೆ ಬಿಟ್ಟವರ ಮಾತು ನಡೆದಂತೆ. ಒಂದು, ಎರಡು ಬಿದ್ದರೆ ಬಿಟ್ಟವರು ಸೋತಂತೆ. ಏಳು ಸಲ ಆಡಿದೆ, ಏಳು ಸಲವೂ ಸೋತೆ. ಆದರೆ ಏಳು ಸಲ ಬಾಯಿ ಬಿಟ್ಟೆ ಎಂಬುದನ್ನೂ ಬರೆದಿಡುತ್ತೇನೆ.

೧೯ ಜನವರಿ, ಭಾನುವಾರ

ಆಟಕ್ಕೆ ಜಗಳ ಹತ್ತಿಕೊಂಡಿದೆ. ನಾನು ಹೇಳಿದೆ: ಚೆನ್ನಾಗಿ ಮಾತಾಡಿದವರಿಗೆ ಕವಡೆ ಎರಡು ಸಲ ಬಿಡಲು ಕೊಡಬೇಕು, ಸುಮ್ಮನೆ ತೊದಲಿದವರಿಗೆ ಒಂದೇ ಸಲ. ಅದು ನ್ಯಾಯ ತಾನೆ? ರಂಗಮ್ಮ ಒಪ್ಪಲಿಲ್ಲ. ಮೆಟ್ಟಿಲ ಕಡೆ ಕೈ ತೋರಿಸಿ ಕೇಳಿದಳು.

"ಅಂಗಾದ್ರೆ ಸಿದ್ದಿ ಯಾವತ್ತು ಗೆದ್ದಾಳು? ಬಾಯಿಲ್ದೋರು ನಿಜದಲ್ಲೂ ಸೋಲ್ಬೇಕು, ಆಟದಲ್ಲೂ ಸೋಲ್ಬೇಕಾ?"

ನನ್ನ ನಿಯಮ ವಾಪಸು ತೆಗೆದುಕೊಂಡೆ. ಎಲ್ಲರಿಗೂ ಒಂದೇ ಸಲ ಎಂದಾಯಿತು. ಸಿದ್ದಿಯ ಕೈಗೆ ಕವಡೆ ಕೊಟ್ಟೆವು. ಅವಳು ಮಾತಾಡಲಿಲ್ಲ. ಚೇರ್ಮನ್ ರಂಗಮ್ಮನ ಮುಖವನ್ನು ನೆಟ್ಟಗೆ ನೋಡಿ ಕವಡೆ ಬಿಟ್ಟಳು. ಬಾರ! ನಾಲ್ಕೂ ಬೋರಲು. ಸಿದ್ದಿ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕದ್ದನ್ನು ನಾನು ನೋಡಿದ್ದು ಇವತ್ತೇ ಮೊದಲು.

ನನಗೆ ಸ್ವಲ್ಪ ಹೊಟ್ಟೆ ಉರಿಯಿತು. ಹೌದು, ಉರಿಯಿತು. ಇಲ್ಲಿ ಯಾಕೆ ಸುಳ್ಳು ಬರೆಯಲಿ?

೨೪ ಜನವರಿ, ಶುಕ್ರವಾರ

ಗೆದ್ದೆ! ನಿಜವಾದ ಚೇರ್ಮನ್ನರ ಎದುರು ಗೆದ್ದೆ!

ಭಾನುವಾರ ಅಲ್ಲದಿದ್ದರೂ ನಿನ್ನೆ ರಾತ್ರಿ ರಂಗಮ್ಮನ ಜೊತೆ ಆಡಿ, ಬೆದರಿಕೆ ಹಾಕಿ ಎರಡು ಸಲ ಗೆದ್ದಿದ್ದೆ. ಅದೇ ಮಾತನ್ನು ಇವತ್ತು ಹೊತ್ತುಕೊಂಡು ಹೋದೆ. ಅವರ ಜಗಲಿಯಲ್ಲಿ ಹನೂರಿನಿಂದ ಬಂದ ಇಬ್ಬರು ನೆಂಟರು ಕೂತಿದ್ದರು. ಅವರೆದುರೇ ಹೇಳಿದೆ: "ಸರ್ಕಾರಿ ಕಟ್ಟಡದಲ್ಲಿ ಹುಳು ಸಾಕುತ್ತಿದ್ದೀರಿ. ನಾಳೆಯೊಳಗೆ ಖಾಲಿ ಮಾಡದಿದ್ದರೆ ಕಲೆಕ್ಟರಿಗೆ ಬರೆಯುತ್ತೇನೆ. ನಿಮ್ಮ ಚೇರ್ಮನ್ ಪದವಿ ಹೋಗುತ್ತದೆ." 

ಅವರ ಮುಖ ಕಪ್ಪಿಟ್ಟಿತು. ನೆಂಟರ ಕಡೆ ಒಮ್ಮೆ ನೋಡಿದರು. "ಆಗ್ಲಿ" ಎಂದರು. ಅಷ್ಟೇ!

ಸಂಜೆ ಆಳುಗಳು ಹುಳುವಿನ ತಟ್ಟೆ ಹೊರುವುದನ್ನು ನಮ್ಮ ಬಾಗಿಲಿನಿಂದಲೇ ಕಂಡೆ. ರಂಗಮ್ಮ ಪಾಯಸ ಮಾಡಿದಳು. ಬೆದರಿಕೆ ಇಷ್ಟು ಸುಲಭವೆಂದು ಗೊತ್ತಿದ್ದರೆ ಮೊದಲೇ ಕಲಿಯುತ್ತಿದ್ದೆ.

೨೫ ಜನವರಿ, ಶನಿವಾರ

ಶಾಲೆಯ ಕೊಠಡಿಗೆ ಎರಡು ಬೀಗ. ಮೊದಲಿದ್ದದ್ದು ಒಂದೇ.

ಹುಳುಗಳು ನಾಲ್ಕನೇ ಜ್ವರಕ್ಕೆ ಕೂತಿದ್ದವಂತೆ. ಹುಳು ಪೊರೆ ಬಿಡುವುದಕ್ಕೆ ಇಲ್ಲಿ ಜ್ವರ ಅನ್ನುತ್ತಾರೆ. ಆಗ ಅವು ಸೊಪ್ಪು ಮುಟ್ಟುವುದಿಲ್ಲ, ತಲೆ ಎತ್ತಿ ಅಲುಗಾಡದೆ ಕೂತಿರುತ್ತವೆ. ಆ ಹೊತ್ತಿನಲ್ಲಿ ತಟ್ಟೆಯನ್ನು ಕುಲುಕುವುದಿರಲಿ, ಪಕ್ಕದಲ್ಲಿ ನಿಂತು ಜೋರಾಗಿ ಕೆಮ್ಮುವುದೂ ಇಲ್ಲ. ಈ ಸೀಮೆಯಲ್ಲಿ ಹಲ್ಲು ಮೂಡದ ಮಗುವಿಗೂ ಗೊತ್ತಿರುವ ಸಂಗತಿ. ಕೊಳ್ಳೇಗಾಲದಲ್ಲಿ ರೇಷ್ಮೆ ಸೀರೆಗಳ ನಡುವೆ ಹುಟ್ಟಿ ಬೆಳೆದ ನನಗೆ ಗೊತ್ತಿರಲಿಲ್ಲ. ಮೂರು ತಟ್ಟೆ ಹುಳು ಸತ್ತಿವೆ. ಮಿಕ್ಕವನ್ನು ವಾಪಸು ತಂದು ಒಳಗಿಟ್ಟು ಬೀಗ ಜಡಿದಿದ್ದಾರೆ.

ಮಕ್ಕಳು ಇವತ್ತು ಹನ್ನೊಂದೇ ಬಂದಿದ್ದವು. ಚೇರ್ಮನ್ನರು ಊರಿನಲ್ಲಿ ಮಾತಾಡಿದ್ದಾರೆ: ಆ ಟೀಚರಮ್ಮನ ಹತ್ತಿರ ಮಕ್ಕಳನ್ನು ಕಳಿಸಿದವರು ನನ್ನ ಜಗಲಿಗೆ ಬರಬೇಡಿ.

೨೯ ಜನವರಿ, ಬುಧವಾರ

ಒಂಬತ್ತು ಮಕ್ಕಳು. ಸಿದ್ದಿಯ ಮಗಳು ಬಂದಿದ್ದಳು.

ಸತ್ತ ಹುಳುಗಳನ್ನು ತಿಪ್ಪೆಗೆ ಹಾಕಿದ್ದನ್ನು ನೋಡಿದೆ. ನಿಂತು ನೋಡಲಾಗಲಿಲ್ಲ. ತಪ್ಪು ನನ್ನದೇ. ಆದರೂ ಈ ಊರು ಬಿಟ್ಟು ಹೋಗುವುದಿಲ್ಲ. ಶಾಲೆ ಮುಚ್ಚಲು ಬಿಡುವುದೂ ಇಲ್ಲ.

೨ ಫೆಬ್ರವರಿ, ಭಾನುವಾರ

ಆಟ ಬೇಡವೆಂದೇ ಇದ್ದೆ. ರಂಗಮ್ಮ ಕೇಳಬೇಕಲ್ಲ. ಬಲವಂತವಾಗಿ ಕೂರಿಸಿ ಚೇರ್ಮನ್ ಆದಳು. ಅವಳು ಗುಡುಗಿ ಮುಗಿಸುವಷ್ಟರಲ್ಲಿ ನೋಡಿದರೆ, ಪುಟ್ಟಮಾದಮ್ಮ ಅಂಗಳದಲ್ಲಿ ನಿಂತಿದ್ದಾರೆ! ಚೇರ್ಮನ್ನರ ಹೆಂಡತಿಯೇ! ರಂಗಮ್ಮ ಸೆರಗು ಸರಿಮಾಡಿಕೊಳ್ಳುವುದನ್ನೂ ಮರೆತು ಹಾಗೇ ಕೂತಳು.

ಪುಟ್ಟಮಾದಮ್ಮ ಮೆಲ್ಲಗೆ ಜಗಲಿ ಹತ್ತಿ ಕೂತು, "ನಮ್ಮೋರು ಅಂಗೆ ಕೂಗಲ್ಲ ಕನ ರಂಗಮ್ಮ" ಎಂದರು. "ಮೊದ್ಲು ವಲ್ಲಿ ಸರಿ ಮಾಡ್ಕತ್ತರೆ. ಆಮೇಲೆ ಕೂಗದು. ವಲ್ಲಿಗೆ ಕೈ ಓಯ್ತು ಅಂದ್ರೆ ಏನ್ ಏಳ್ಬೇಕು ಅಂತ ತಿಳೀನಿಲ್ಲ ಅಂತ ಅರ್ಥ. ಇಪ್ಪತ್ತೊರ್ಸದಿಂದ ನೋಡ್ತಾವ್ನಿ."

ಯಾರಿಗೂ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. "ನಾನ್ ಬಂದಿದ್ದು ಅವ್ರಿಗೆ ಏಳ್ಬೇಡಿ" ಎಂದರು.

ಹೆಂಡತಿಯ ಎದುರೇ ಚೇರ್ಮನ್ ಆಗಲು ರಂಗಮ್ಮ ಒಪ್ಪಲಿಲ್ಲ. ಚೇರ್ಮನ್ ಪಾತ್ರ ನನ್ನ ಪಾಲಿಗೆ ಬಂತು. ರಂಗಮ್ಮ ಟೀಚರಮ್ಮನಾಗಿ ನನಗೇ ಬೆದರಿಕೆ ಹಾಕಿದಳು, ನೆಂಟರೆದುರು ಹಾಕಿದ್ದ ಅದೇ ಬೆದರಿಕೆ. ಕೇಳುತ್ತ ಕೂತಿದ್ದರೆ ಮೈಯೆಲ್ಲ ಉರಿಯಿತು. ನಾಲ್ಕು ಜನರ ಮುಂದೆ ಹೀಗಾ ಮಾತಾಡುವುದು? ನಾನೇ ಆಡಿದ ಮಾತು ಎಂದು ನೆನಪಾದದ್ದು ಆಮೇಲೆ. ಕೂಗಿಬಿಟ್ಟೆ: "ಬಿಡ್ತೀನಿ! ಬಿಟ್ಟು ಎಲ್ಲಿಗೆ ತಕಂಡು ಹೋಗ್ಲಿ? ನೀನು ಹೇಳು!"

ಅದು ಆಟಕ್ಕೆಂದು ಯೋಚಿಸಿ ಹೇಳಿದ್ದಲ್ಲ. ಬಾಯಿಗೆ ತಾನಾಗಿ ಬಂತು.

 ಪುಟ್ಟಮಾದಮ್ಮ ಕವಡೆ ನೋಡುತ್ತ ಹೇಳಿದರು. ತಮ್ಮ ಮನೆಗೆ ತಗಡಿನ ಸೂರು, ಬಿಸಿಲು ಏರಿದರೆ ಒಳಗೆ ನಿಲ್ಲಲಾಗುವುದಿಲ್ಲ. ಹೋದ ವರ್ಷ ಎರಡು ಸಲ ಹುಳು ಪೂರಾ ಸತ್ತುಹೋದವು. ಗಂಡ ಮೂರು ದಿನ ಊಟ ಮಾಡಲಿಲ್ಲ. ಶಾಲೆಯ ಗೋಡೆ ತಂಪು, ಅಲ್ಲಿ ಬದುಕಿದವು. ಈ ಸಲದ ಗೂಡು ಬಿಡಿಸಿದ ಮೇಲೆ ಹದಿನಾರನೇ ತಾರೀಖಿಗೆ ಹೊಸ ಮರಿ ತಂದು ಅಲ್ಲೇ ಇಡುತ್ತಾರೆ.

ಹದಿನಾರಕ್ಕೆ ಇಟ್ಟರೆ ಇಪ್ಪತ್ತನಾಲ್ಕಕ್ಕೆ ಇನ್ಸ್‌ಪೆಕ್ಟರು ನೋಡುವುದು ಹುಳುಗಳನ್ನೇ.

ರಂಗಮ್ಮ ಕವಡೆಯನ್ನು ಸಿದ್ದಿಯ ಕೈಗೆ ಹಾಕಿದಳು. "ನೀನ್ ಟೀಚರಮ್ಮ ಆಗು. ಚೇರ್ಮನ್ ಕೇಳ್ತಾವ್ರೆ, ಎಲ್ಲಿಗೆ ತಕಂಡೋಗ್ಲಿ ಅಂತ." ಸಿದ್ದಿ ಕವಡೆ ಹಿಡಿದು ಜಗಲಿಯ ಸೂರನ್ನು ನೋಡಿದಳು. ಆಮೇಲೆ,

"ಉಲ್ಲು ಒದ್ಸುದ್ರೆ?" ಎಂದಳು.

ತಗಡಿನ ಮೇಲೆ ದಪ್ಪಗೆ ಹುಲ್ಲು ಹೊದಿಸಿದರೆ ಮನೆ ತಂಪಾಗುವುದಿಲ್ಲವೇ, ಎಂದು ಅವಳ ಮಾತು. ಕವಡೆ ಬಿಟ್ಟಳು. ಒಂದು ಬಿತ್ತು. ಸೋತಳು. ರಂಗಮ್ಮ ಕವಡೆಗಳನ್ನು ಬಾಚಿ ಮಡಿಲಿಗೆ ಹಾಕಿಕೊಂಡು, "ಬುಡತ್ತ! ಇದಕ್ಕೆ ಕವಡೆ ಯಾಕೆ?" ಎಂದಳು.

೬ ಫೆಬ್ರವರಿ, ಗುರುವಾರ

ಚೇರ್ಮನ್ನರ ಮನೆಗೆ ಹೋದೆ. ನೆಂಟರು ಯಾರೂ ಇಲ್ಲದ ಹೊತ್ತು ನೋಡಿಕೊಂಡು ಹೋದೆ. ಚಪ್ಪಲಿಯನ್ನು ಬೀದಿಯಲ್ಲೇ ಬಿಟ್ಟೆ.

"ನಿಮ್ಮ ಮೂರು ತಟ್ಟೆ ಹುಳು ನನ್ನಿಂದ ಸತ್ತವು. ತಪ್ಪಾಯಿತು" ಎಂದೆ.

ವಲ್ಲಿಗೆ ಕೈ ಹೋಯಿತು. ನಾನು ಕಾದೆ. ಗುಡುಗು ಬಂತು: "ತಪ್ಪಾಯ್ತು ಅಂದ್ರೆ ಉಳ ಎದ್ದು ಬಂದವಾ? ನೆಂಟ್ರ ಮುಂದೆ ಮಾನ ಕಳ್ದು ಈಗ ಬಂದ್ಬುಟ್ಟಿದ್ದೀಯಾ?" ಗುಡುಗು ಪೂರಾ ಮುಗಿಯಲಿ ಎಂದು ಸುಮ್ಮನಿದ್ದೆ. ಕರು ಎದ್ದು ನಿಂತಿತು, ಮತ್ತೆ ಮಲಗಿತು.

"ಹುಳು ಯಾವಾಗ ಹಣ್ಣಾಗುತ್ತವೆ?" ಎಂದು ಕೇಳಿದೆ.

ಅದೊಂದು ಪ್ರಶ್ನೆಗೆ ಅವರು ಮುಕ್ಕಾಲು ಗಂಟೆ ಮಾತಾಡಿದರು! ಮೊದಲನೇ ಜ್ವರ, ಎರಡನೇ ಜ್ವರ, ಯಾವ ಸೊಪ್ಪು, ಯಾವ ಗಾಳಿ. ಹಣ್ಣಾದ, ಎಂದರೆ ಸೊಪ್ಪು ಬಿಟ್ಟು ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಚಂದ್ರಿಕೆಯ ಮೇಲೆ ಬಿಡುವುದನ್ನು ಶಾಲೆಗೆ ಕರೆದುಕೊಂಡು ಹೋಗಿ, ಬೀಗ ತೆಗೆದು ತೋರಿಸಿದರು. ಬಿದಿರಿನ ಆ ಚಂದ್ರಿಕೆಗಳನ್ನು ಗೋಡೆಗೊರಗಿಸಿಟ್ಟಿದ್ದರು. ನನ್ನದೇ ಕೊಠಡಿಯೊಳಕ್ಕೆ ನಾನು ಕಾಲಿಟ್ಟದ್ದು ಇದೇ ಮೊದಲು. ಅವರ ಮನೆಗೆ ವಾಪಸು ಬಂದ ಮೇಲೆ ಹುಲ್ಲಿನ ವಿಷಯ ಹೇಳಿದೆ. ನಾನು ಹೇಳಿದ್ದಲ್ಲ, ಸಿದ್ದಿ ಹೇಳಿದ್ದು ಎಂದೂ ಹೇಳಿದೆ. ಪೋಡಿನವರು ಬಂದು ಹೊದಿಸಿಕೊಡುತ್ತಾರೆ, ಅವರ ಮಕ್ಕಳಿಗೆ ಸೂರಿನ ಕೆಳಗೆ ಪಾಠ ಬೇಕು.

"ತಗಡ್ ಮೇಲೆ ಉಲ್ಲಾ?" ಎಂದರು. ಸೂರಿನ ಕಡೆ ನೋಡಿದರು. ಬೈಯಲಿಲ್ಲ. ವಲ್ಲಿ ಮುಟ್ಟಲಿಲ್ಲ.

೧೫ ಫೆಬ್ರವರಿ, ಶನಿವಾರ

ಚೇರ್ಮನ್ನರ ಮನೆಯ ತಗಡಿಗೆ ಹುಲ್ಲು ಏರಿತು. ಸಿದ್ದಿಯ ಗಂಡ ಕ್ಯಾತಯ್ಯ ಮತ್ತು ಪೋಡಿನ ಮೂವರು ಮೂರು ದಿನ ಕೆಲಸ ಮಾಡಿದರು. ಪುಟ್ಟಮಾದಮ್ಮ ಎಲ್ಲರಿಗೂ ಮುದ್ದೆ, ಹುರುಳಿಕಾಳಿನ ಸಾರು ಬಡಿಸಿದರು. ಮಧ್ಯಾಹ್ನ ಒಂದು ಗಂಟೆಗೆ ಚೇರ್ಮನ್ನರು ಒಳಗೆ ನಿಂತು ಕೈ ಮೇಲೆತ್ತಿ ತಗಡು ಮುಟ್ಟಿ ನೋಡಿದರು. ಹೊರಗೆ ಬಂದು ಬೀಗದ ಕೈಗಳನ್ನು ನನ್ನ ಕೈಗೆ ಹಾಕಿದರು. ಎರಡು ಬೀಗದ್ದೂ. ಮಕ್ಕಳನ್ನು ಮತ್ತೆ ಕಳಿಸಿ ಎಂದು ಊರಿನಲ್ಲೂ ಹೇಳಿದ್ದಾರಂತೆ.

ಸುಣ್ಣ ತರಲು ಮೊನ್ನೆ ಹನೂರಿಗೆ ಹೋಗಿದ್ದೆ. ಕಂಡಕ್ಟರು ಸುಣ್ಣದ ಮೂಟೆಯನ್ನು ಬಸ್ಸಿಗೆ ಹಾಕುವುದಿಲ್ಲ ಎಂದು ಹಾರಾಡಿದ. ಹಾರಾಡಿ ಮುಗಿಸಲಿ ಎಂದು ಕಾದು, ಹಿಂದಿನ ಸೀಟಿನ ಕೆಳಗೆ ಇಡಲೋ ಮೇಲೆ ಹಾಕಲೋ ಎಂದು ಕೇಳಿದೆ. ಮೇಲೆ ಹಾಕಿಕೊಟ್ಟ. ಇದನ್ನೆಲ್ಲ ಯಾಕೆ ಬರೆಯುತ್ತಿದ್ದೇನೋ! ಗೋಡೆಗೆ ಎರಡು ಸಲ ಸುಣ್ಣ ಬಳಿದರೂ ಹುಳುವಿನ ವಾಸನೆ ಹೋಗುತ್ತದೋ ಇಲ್ಲವೋ. ಅದೇ ಚಿಂತೆ.

೨೪ ಫೆಬ್ರವರಿ, ಸೋಮವಾರ

ಬಂದರು, ನೋಡಿದರು, ಹೋದರು. ತಲೆ ನೋಯುತ್ತಿದೆ, ಆದರೂ ಬರೆದೇ ಮಲಗಬೇಕು.

ಮೂವತ್ತೊಂದು ಮಕ್ಕಳೂ ಎಣ್ಣೆ ಹಚ್ಚಿ ತಲೆ ಬಾಚಿಕೊಂಡು ಒಳಗೆ ಕೂತಿದ್ದರು. ಊರಿನವರೆಲ್ಲ ಹೊರಗೆ. ಇನ್ಸ್‌ಪೆಕ್ಟರು ಬಾಗಿಲಲ್ಲೇ ನಿಂತು ಮೂಗು ಮುಚ್ಚಿಕೊಂಡರು. ಮೂಲೆಯಲ್ಲಿ ಒಂದಷ್ಟು ಹುಳುವಿನ ಹಿಕ್ಕೆ ಉಳಿದುಬಿಟ್ಟಿತ್ತು, ಅದನ್ನು ಬೂಟಿನಿಂದ ಕೆದಕಿದರು. ಕನ್ನಡಕ ತೆಗೆದು ಒರೆಸಿದರು. ಆಮೇಲೆ ಕೂಗಿದರು.

"ಸರ್ಕಾರಿ ಶಾಲೆಯಲ್ಲಿ ಹುಳು ಸಾಕಿದ್ದು ಯಾರು? ಹೆಸರು ಹೇಳಿ! ಕೇಸು ಹಾಕಿಸುತ್ತೇನೆ!"

ಚೇರ್ಮನ್ನರು ಬಾಗಿಲ ಪಕ್ಕದಲ್ಲಿದ್ದರು. ವಲ್ಲಿಗೆ ಕೈ ಹೋಯಿತು, ಅಲ್ಲೇ ನಿಂತಿತು.  ಅಷ್ಟು ದೊಡ್ಡ ಆಳು, ತುಟಿ ಬಿಳುಚಿಹೋಗಿತ್ತು. ಆ ಹೊತ್ತಿಗೆ ಒಳಗೆ ಹೇಗಿರುತ್ತದೆಂದು ನನಗೆ ಗೊತ್ತು, ನಾನು ಆ ಪಾತ್ರ ಆಡಿದ್ದೇನಲ್ಲ.

"ಸಾಕಿದ್ದರು ಸಾರ್. ಈಗ ಖಾಲಿ ಮಾಡಿಕೊಟ್ಟಿದ್ದಾರೆ. ಬೀಗದ ಕೈ ನನ್ನ ಹತ್ತಿರ ಇದೆ" ಎಂದೆ.

"ನಾನು ಕೇಳಿದ್ದು ಹೆಸರು!"

"ಹೆಸರು ಬರೆದುಕೊಳ್ಳುವುದಾದರೆ ಮಕ್ಕಳ ಹೆಸರು ಬರೆದುಕೊಳ್ಳಿ ಸಾರ್. ಮೂವತ್ತೊಂದಿವೆ, ಹೇಳುತ್ತೇನೆ."

ಕನ್ನಡಕ ಮತ್ತೆ ತೆಗೆದರು, ಒರೆಸಿದರು. ಕೂಗುವವರೆಗೆ ಕಾಯದೆ ಹಾಜರಿ ತೆಗೆದು ಓದತೊಡಗಿದೆ. ಒಬ್ಬೊಬ್ಬರೇ ಎದ್ದು "ಹಾಜರ್" ಎಂದರು. ಸಿದ್ದಿಯ ಮಗಳು ಎದ್ದವಳು ಕೂರದೆ, ಕರೆಯದೆಯೇ ಹೋಗಿ ಬೋರ್ಡಿನ ಮೇಲೆ ತನ್ನ ಹೆಸರು ಬರೆದಳು. ಕೊಂಬು ಒಂದು ಬಿಟ್ಟಿದ್ದಳು. ಇನ್ಸ್‌ಪೆಕ್ಟರು ಸೀಮೆಸುಣ್ಣ ಇಸಿದುಕೊಂಡು ಅದನ್ನು ತಾವೇ ಹಾಕಿಕೊಟ್ಟರು. ಆಮೇಲೆ ಕುರ್ಚಿ ಕೇಳಿ ಕೂತರು.

"ಕೊಠಡಿ ಇದೆ, ಶಾಲೆ ಮುಂದುವರಿಸಬಹುದು" ಎಂದು ಬರೆದಿದ್ದಾರೆ. ನಾನೇ ಕಣ್ಣಾರೆ ಓದಿದೆ. ಸೀಮೆಸುಣ್ಣ ಸರಿಯಾಗಿ ಬರುತ್ತಿಲ್ಲ, ಎರಡನೇ ಕೊಠಡಿಯೂ ಬೇಕು ಎಂದು ಅದೇ ಹೊತ್ತಿನಲ್ಲಿ ಹೇಳಿಬಿಟ್ಟೆ. ನೋಡೋಣ ಎಂದರು.

ರಂಗಮ್ಮ ಆಗಿನಿಂದ ಒಂದೇ ಸಮ ಕೇಳುತ್ತಿದ್ದಾಳೆ: "ನಿಂಗೆ ಎದ್ರಿಕೆ ಆಗ್ಲಿಲ್ವ?" ಆಯಿತೋ ಇಲ್ಲವೋ, ಆ ಗಲಾಟೆಯಲ್ಲಿ ಯಾರು ನೋಡುತ್ತಾರೆ? ಹಿಕ್ಕೆ ಗುಡಿಸುವುದನ್ನು ಹೇಗೆ ಮರೆತೆ ಎಂಬುದೇ ನನಗೆ ನಾಚಿಕೆ.

೧ ಮಾರ್ಚ್, ಭಾನುವಾರ

ಮಧ್ಯಾಹ್ನ ಆಟ ಹಾಕಿದ್ದೆವು. ಪುಟ್ಟಮಾದಮ್ಮ ಬಂದಿದ್ದರು. ಹಿಂದೆಯೇ ಚೇರ್ಮನ್ನರೂ ಬಂದುಬಿಟ್ಟರು! ರಂಗಮ್ಮನ ಕೈಯಿಂದ ಕವಡೆ ಉದುರಿದವು.

"ನನ್ ಪಾತ್ರ ಇಲ್ಲಿ ಯಾರೋ ಕಟ್ತರಂತೆ?" ಎಂದರು.

 ಅವರು ಜಗಲಿ ಹತ್ತಿ ಕಾಲು ಮಡಿಸಿ ಕೂತರು. "ಇವತ್ತು ನಾನೇ ಕಟ್ತೀನಿ. ಯಾರ್ ಬತ್ತೀರಿ ಎದ್ರಿಗೆ?"

ರಂಗಮ್ಮ ನನ್ನನ್ನು ನೋಡಿದಳು. ನಾನು ಏಳುವುದರೊಳಗೆ ಮೆಟ್ಟಿಲಿನಿಂದ ಸಿದ್ದಿ ಎದ್ದಳು. ಜಗಲಿ ಹತ್ತಿದಳು. ಅವರ ಎದುರು, ನೆಲದ ಮೇಲೆ ಬರೆದ ಆಟದ ಮನೆಗಳ ಆಚೆ ಬದಿಗೆ ಕೂತಳು.

ಚೇರ್ಮನ್ನರು ಅವಳನ್ನು ನೋಡಿದರು. ಕರು ಎದ್ದು ನಿಲ್ಲುವ ಹಾಗೆ ಗುಡುಗಿದರು. "ಯಾರ್ನ ಕೇಳಿ ಇಲ್ಲಿಗಂಟ ಬಂದೆ?"

ಆಟಕ್ಕೆ ಕೇಳಿದರೋ ನಿಜಕ್ಕೆ ಕೇಳಿದರೋ ನಮಗೆ ತಿಳಿಯಲಿಲ್ಲ. ಅವರಿಗೂ ತಿಳಿದಿತ್ತೋ ಇಲ್ಲವೋ. ಕವಡೆ ಸಿದ್ದಿಯ ಮುಷ್ಟಿಯಲ್ಲಿತ್ತು. ಅವಳು ಬಿಡಲಿಲ್ಲ.

"ಯಾರ್ನೂ ಕೇಳ್ನಿಲ್ಲ. ನನ್ ಮಗ್ಳು ಓದ್ತಾವ್ಳೆ. ಅದ್ಕೆ ಬಂದಿವ್ನಿ" ಎಂದಳು.

ಚೇರ್ಮನ್ನರ ಕೈ ಹೆಗಲಿಗೆ ಹೋಯಿತು. ಇವತ್ತು ವಲ್ಲಿ ಹಾಕಿಕೊಂಡು ಬಂದಿರಲಿಲ್ಲ. ಕೈ ಬರೀ ಹೆಗಲ ಮೇಲೆ ಸ್ವಲ್ಪ ಹೊತ್ತು ಇತ್ತು, ಆಮೇಲೆ ಕೆಳಗಿಳಿಯಿತು. ಸಿದ್ದಿ ಕವಡೆಗಳನ್ನು ಅವರ ಮುಂದಿಟ್ಟು, "ನೀವೇ ಬುಡಿ" ಎಂದಳು.

ಬಿಟ್ಟರು. ಒಂದು ಬಿತ್ತು.

"ಸೋತೆ ಕನವ್ವ" ಎಂದರು. ಪುಟ್ಟಮಾದಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ಆ ಕಡೆ ತಿರುಗಿದರು. ರಂಗಮ್ಮ ಮಾತ್ರ ಬಿಡಲಿಲ್ಲ. "ಚೇರ್ಮನ್ರ ಪಾತ್ರ ನಿಮ್ಗೆ ಸರ್ಯಾಗ್ ಬರಾಕಿಲ್ಲ. ನೋಡ್ಕಳಿ, ಇಂಗೆ" ಎಂದು ಸೆರಗು ಎಸೆದು ತೋರಿಸಿದಳು. ಅವರಿಗೇ ನಗು ಬಂತು.

ಆಟ ಮತ್ತೆ ಹಾಕಿದರು. ಐದು ಜನಕ್ಕೆ ಜಗಲಿ ಸಾಲಲಿಲ್ಲ. ನಾನು ಇಳಿದು ಮೆಟ್ಟಿಲ ಮೇಲೆ ಕೂತೆ.